ಸೋದರಮಾವ ಕೊಟ್ಟ ಕೋಣಗರು

ಮಕ್ಕಳ ಕತೆಪುಸ್ತಕಗಳಲ್ಲಿ ಬರುವ ಹೊಲಮನೆಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ಹೆಚ್ಚಿನವು ದೂರದ ದೇಶದ ಪುಸ್ತಕಗಳು. ಕನ್ನಡಕ್ಕೆ ಬಂದಿರಲಿ, ಇಂಗ್ಲಿಷಿನಲ್ಲೇ ಇರಲಿ, ಒಳಗಿನ ಸಂಗತಿ ಹೆಚ್ಚುಕಡಿಮೆ ಒಂದೇ. ಬಣ್ಣ ಬಳಿದ ಒಂದು ಕೊಟ್ಟಿಗೆ ಇರುತ್ತದೆ. ಅದರಲ್ಲಿ ಬಡಕಲಾಗಿ ಹುಟ್ಟಿದ ಒಂದು ಮರಿಯೋ ಕರುವೋ ಇರುತ್ತದೆ. ಇದು ಉಳಿಯುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಮನೆಯ ಮಗು ಹಟ ಹಿಡಿಯುತ್ತದೆ, ನಸುಕಿನಲ್ಲೆದ್ದು ಬಾಟಲಿಯಲ್ಲಿ ಹಾಲು ಕುಡಿಸುತ್ತದೆ, ಮರಿ ಬದುಕುತ್ತದೆ. ಮಗುವಿಗೆ ಜವಾಬ್ದಾರಿ ಎಂದರೇನು ಎಂದು ತಿಳಿಯುತ್ತದೆ. ಅಪ್ಪ ಬಾಗಿಲಲ್ಲಿ ನಿಂತು ಮೀಸೆಯಡಿಯಲ್ಲಿ ನಗುತ್ತಾನೆ.

ಇವುಗಳಲ್ಲಿ ಸ್ವಲ್ಪ ಮೇಲ್ಮಟ್ಟದವೂ ಇವೆ. ಅವುಗಳಲ್ಲಿ ಪ್ರಾಣಿ ಕೊನೆಗೆ ಸಾಯುತ್ತದೆ, ಇಲ್ಲವೆ ಮಗುವೇ ಅದನ್ನು ಬಿಟ್ಟುಕೊಡಬೇಕಾಗುತ್ತದೆ. ಆ ಸಂಜೆ ಅಪ್ಪ ಮಗುವಿನ ಹೆಗಲ ಮೇಲೆ ಕೈಯಿಟ್ಟು, ಬದುಕು ಅಂದರೆ ಹೀಗೇ ಮಗು ಎನ್ನುತ್ತಾನೆ. ಮಗು ಒಂದೇ ಸಂಜೆಯಲ್ಲಿ ದೊಡ್ಡದಾಗುತ್ತದೆ. ಓದಿದ ಹಿರಿಯರು ಕಣ್ಣೊರೆಸಿಕೊಂಡು, ಎಂಥ ಪಾಠ ಎಂದು ತಲೆದೂಗುತ್ತಾರೆ. ನನಗೆ ಮಾತ್ರ ಒಂದೇ ಪ್ರಶ್ನೆ. ಹೆಗಲ ಮೇಲೆ ಕೈಯಿಡುವಷ್ಟು ಪುರುಸೊತ್ತು ಆ ಅಪ್ಪನಿಗೆ ಎಲ್ಲಿಂದ ಬಂತು? ದನ ಕಟ್ಟಿದವನಿಗೆ ಸಂಜೆ ಅಂದರೆ ಹಾಲು ಹಿಂಡುವ ಹೊತ್ತು.

ಇಷ್ಟು ಜೋರಾಗಿ ಮಾತಾಡಲು ನನಗೆ ಹಕ್ಕಿದೆ. ನಾನೂ ಒಂದು ಲೆಕ್ಕದಲ್ಲಿ ಹೊಲಮನೆಯಲ್ಲೇ ಬೆಳೆದವಳು. ನಮ್ಮ ಹೊಲಮನೆ ಜೋಗೇಶ್ವರಿಯಲ್ಲಿತ್ತು, ಈಗಲೂ ಇದೆ. ಹೊಲ ಒಂದಿಲ್ಲ, ಅಷ್ಟೆ. ಮುಂಬಯಿಯಲ್ಲಿ ಅದಕ್ಕೆ ತಬೇಲಾ ಎನ್ನುತ್ತಾರೆ. ಸಿಮೆಂಟಿನ ನೆಲ, ತಗಡಿನ ಮಾಡು, ಎರಡು ಸಾಲಿನಲ್ಲಿ ಮುಖಕ್ಕೆ ಮುಖ ಕೊಟ್ಟು ನಿಂತ ಎಮ್ಮೆಗಳು, ನಡುವೆ ಮೇವಿನ ಗೋದಲಿ, ಹಿಂದೆ ಸಗಣಿ ಹರಿಯುವ ಗಟಾರ. ಅಪ್ಪ ವಿಜಯಪುರದ ಕಡೆಯಿಂದ ಬಂದು ಅಲ್ಲಿ ಹಾಲು ಹಿಂಡುವ ಕೆಲಸಕ್ಕೆ ಸೇರಿ, ಮುಂದೆ ಹೇಗೋ ಮಾಡಿ ಕೆಲವು ಎಮ್ಮೆಗಳನ್ನು ಸ್ವಂತಕ್ಕೆ ಕಟ್ಟಿದ. ಅಪ್ಪ, ಅವ್ವ, ಅಣ್ಣ, ನಾನು ಮೇವಿನ ಕೋಣೆಯ ಮೇಲಿನ ಅಟ್ಟದಲ್ಲಿ ಸಂಸಾರ ಮಾಡಿದೆವು. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ನನ್ನ ಜಡೆಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕ ಕೂರುವವರು ಬೆಂಚಿನ ತುದಿಗೆ ಸರಿಯುತ್ತಿದ್ದರು. ನನ್ನ ಪಾಲಿಗೆ ಬೆಂಚು ಯಾವಾಗಲೂ ಅಗಲವಾಗಿರುತ್ತಿತ್ತು.

ತಬೇಲಾದ ರೀತಿಯೇ ಬೇರೆ. ಗಬ್ಬದ ಎಮ್ಮೆ ಗುಜರಾತಿನಿಂದ ಟ್ರಕ್ಕಿನಲ್ಲಿ ಬರುತ್ತದೆ, ಈಯುತ್ತದೆ, ಹಾಲು ಬತ್ತುವ ತನಕ ಕಟ್ಟಿದ ಜಾಗದಲ್ಲೇ ನಿಲ್ಲುತ್ತದೆ, ಬತ್ತಿದ ಮೇಲೆ ಮತ್ತೊಂದು ವಾಹನದಲ್ಲಿ ಹೋಗುತ್ತದೆ. ಹೋದದ್ದರ ಬಗ್ಗೆ ಯಾರೂ ಕೇಳುವುದಿಲ್ಲ. ಎಮ್ಮೆ ಬರೀ ಕೈಗೆ ಹಾಲು ಇಳಿಸುವುದಿಲ್ಲ. ಕರು ಬಂದು ಕೆಚ್ಚಲಿಗೆ ಬಾಯಿ ಹಾಕಿ ಗುದ್ದಬೇಕು, ಆಗ ಮೊಲೆಗೆ ಹಾಲು ಇಳಿಯುತ್ತದೆ. ಇಳಿದದ್ದೇ ತಡ, ಕರುವನ್ನು ಎಳೆದು ಆಚೆ ಕಟ್ಟುತ್ತಾರೆ. ಹೆಣ್ಣುಗರುವಾದರೆ ನಾಳೆ ಎಮ್ಮೆಯಾದೀತೆಂದು ಯಾರಾದರೂ ಒಯ್ಯುತ್ತಾರೆ. ಕೋಣಗರು ಯಾರಿಗೂ ಬೇಡ. ಅದನ್ನು ಯಾರೂ ಹೊಡೆದು ಕೊಲ್ಲುವುದಿಲ್ಲ, ಅಂಥ ಪಾಪಿಗಳು ನಾವಲ್ಲ. ಮೂಲೆಯಲ್ಲಿ ಕಟ್ಟಿ ಮರೆಯುತ್ತೇವೆ. ಅದು ದಿನದಿಂದ ದಿನಕ್ಕೆ ಇಳಿದು ಒಂದು ದಿನ ಏಳುವುದಿಲ್ಲ.

ಕರು ಸತ್ತ ಮೇಲೆ ತಾಯಿ ಹಾಲು ಇಳಿಸದೆ ನಿಂತರೆ ಅದಕ್ಕೂ ಉಪಾಯವಿತ್ತು. ಸತ್ತ ಕರುವಿನ ತೊಗಲು ಸುಲಿದು, ಉಪ್ಪು ಹಚ್ಚಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು ಅದರ ಮುಂದೆ ಇಡುತ್ತಿದ್ದರು. ತಾಯಿ ಅದನ್ನು ನೆಕ್ಕುತ್ತಿತ್ತು. ನೆಕ್ಕುತ್ತ ನೆಕ್ಕುತ್ತ ಹಾಲು ಇಳಿಸುತ್ತಿತ್ತು. ಈಗ ಬಹಳ ಕಡೆ ಸೂಜಿ ಚುಚ್ಚುತ್ತಾರಂತೆ. ಅಪ್ಪನ ಕಾಲಕ್ಕೆ ಹುಲ್ಲಿನ ಕರುವೇ. ಅಪ್ಪ ಅದನ್ನು ಅಚ್ಚುಕಟ್ಟಾಗಿ ಹೊಲಿಯುತ್ತಿದ್ದ, ಗೋಣಿಚೀಲ ಹೊಲಿಯುವ ದಬ್ಬಣದಿಂದ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಅಂಥ ಒಂದು ಪುಸ್ತಕವನ್ನು ನಮಗೆ ಓದಿ ಹೇಳಿದರು. ಹಿಮ ಬೀಳುವ ಊರು, ಚಳಿಗೆ ನಡುಗುವ ಕರು, ಅದನ್ನು ಒಲೆಯ ಪಕ್ಕ ಮಲಗಿಸಿಕೊಳ್ಳುವ ಹುಡುಗಿ. ತರಗತಿಯೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ನಾನು ಕೈಯೆತ್ತಿ, "ಟೀಚರ್, ಆ ಕರ ಹೆಣ್ಣೋ ಗಂಡೋ?" ಅಂದೆ. "ಕತೆಗೆ ಅದು ಮುಖ್ಯ ಅಲ್ಲ, ಕೂತ್ಕೋ" ಅಂದರು. ನಾನು ಕಂಡ ಲೋಕದಲ್ಲಿ ಮುಖ್ಯವಾದದ್ದು ಅದೊಂದೇ ಆಗಿತ್ತು. ಮನೆಗೆ ಬಂದು ಅಪ್ಪನಿಗೆ ಕತೆ ಹೇಳಿ, ನಾವೂ ಒಂದು ಕರುವಿಗೆ ಹೆಸರಿಡೋಣ ಅಂದಾಗ ಅಪ್ಪ ತಲೆಯೆತ್ತಲಿಲ್ಲ.

"ಹೆಸರ ಇಡಬ್ಯಾಡವಾ. ಇಟ್ರ ಕರೀಬೇಕನಸತೈತಿ" ಅಂದ.

ನಾನು ಆ ಪಾಠವನ್ನು ಚೆನ್ನಾಗಿ ಕಲಿತೆ. ಮೂಲೆಯ ಕಡೆ ನೋಡದೆ ಗೋದಲಿ ದಾಟುವುದನ್ನು ಕಲಿತೆ. ಓದಿ, ಕೆಲಸ ಹಿಡಿದು, ಮದುವೆಯಾಗಿ ಸಾಂತಾಕ್ರೂಜಿನ ಬಿಲ್ಡಿಂಗಿನ ಫ್ಲ್ಯಾಟಿಗೆ ಬಂದ ಮೇಲೂ ಅದು ನನ್ನ ಕೈಬಿಡಲಿಲ್ಲ. ಲೋಕಲ್ಲಿನ ಬಾಗಿಲಲ್ಲಿ ಜೋತುಬಿದ್ದವರನ್ನು, ಸ್ಟೇಶನ್ನಿನ ಮೆಟ್ಟಿಲಲ್ಲಿ ಮಲಗಿದವರನ್ನು ನೋಡದೆ ದಾಟುವುದು ನನಗೆ ಯಾವತ್ತೂ ಕಷ್ಟವಾಗಲಿಲ್ಲ. ತಡವಾಗಿ ಮಗಳು ಹುಟ್ಟಿದಾಗ ಒಂದೇ ಒಂದು ಹಟ ಹಿಡಿದೆ. ಈ ಕಲ್ಲುಮನಸ್ಸು ಅವಳಿಗೆ ಬರಬಾರದು. ದೀಪಾವಳಿಗೆ ತವರಿಗೆ ಕರೆದೊಯ್ದರೂ ಅವಳನ್ನು ಸೀದಾ ಅಟ್ಟಕ್ಕೆ ಹತ್ತಿಸುತ್ತಿದ್ದೆ, ಅಟ್ಟದಿಂದ ಸೀದಾ ರಿಕ್ಷಾಕ್ಕೆ. ಕೆಳಗಿನ ತಬೇಲಾ ಅವಳಿಗೆ ಬರೀ ಒಂದು ವಾಸನೆಯಾಗಿತ್ತು.

ಈಗ ತಮಾಷೆ ನೋಡಿ. ನಾನು ತಬೇಲಾದಿಂದ ದೂರವಿಟ್ಟ ಮಗಳು ಹೊಲಮನೆಯ ಪುಸ್ತಕಗಳಿಗೆ ಮರುಳಾದಳು. ಇಂಗ್ಲಿಷ್ ಶಾಲೆಯ ಲೈಬ್ರರಿಯಲ್ಲಿ ಅವು ಸಾಲುಸಾಲಾಗಿ ಇದ್ದವು. ಊಟದ ತಟ್ಟೆಯ ಪಕ್ಕ ಪುಸ್ತಕ, ಬಚ್ಚಲ ಬಾಗಿಲಲ್ಲಿ ಪುಸ್ತಕ. ಐದನೆಯ ಇಯತ್ತೆಯಲ್ಲಿ ಅವರ ಮಿಸ್, ಹೊಲಮನೆಯ ಕತೆಗಳಿಂದ ನಾವು ಕಲಿಯುವ ಜೀವನಪಾಠಗಳು ಎಂದು ಪ್ರಾಜೆಕ್ಟ್ ಬೇರೆ ಕೊಟ್ಟರು. ಅವತ್ತು ಮಗಳು ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತಳು.

"ಮಮ್ಮಾ, ಮಾಮಾನ ಹತ್ರ ರಿಯಲ್ ಫಾರ್ಮ್ ಇದೆ. ನೀನು ನನಗೆ ಒಂದ್ಸಲಾನೂ ತೋರಿಸ್ಲಿಲ್ಲ. ನಾಟ್ ಫೇರ್."

ಇಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ಇದ್ದ ಕಾರಣ ಹೇಳುವಂಥದ್ದಾಗಿರಲಿಲ್ಲ. ಭಾನುವಾರ ಕರೆದುಕೊಂಡು ಹೋದೆ.

ಅಪ್ಪ ಹೋದ ಮೇಲೆ ತಬೇಲಾವನ್ನು ನಡೆಸುತ್ತಿರುವವನು ಅಣ್ಣ. ಅಣ್ಣ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುವಾಗ ಅವನ ಮೇಲೆ ಸಿಟ್ಟು ಬರಬಹುದು. ನನಗೂ ಬಂತು. ಸೋದರಸೊಸೆ ಬಂದಳೆಂದು ಅವನು ಹಿಗ್ಗಿ ಹೀರೇಕಾಯಿಯಾಗಿ, ಎಮ್ಮೆಗಳನ್ನೆಲ್ಲ ತೋರಿಸುತ್ತ, ಗೋದಲಿಯ ಉದ್ದಕ್ಕೂ ನಡೆಸಿದ. ಅವಳು ಸಾಲಿನ ಕೊನೆಯ ಎಮ್ಮೆಯ ಹತ್ತಿರ ನಿಂತಳು. ಅದು ಆ ವಾರ ಈದಿತ್ತು. ಕರು ಮೂಲೆಯಲ್ಲಿತ್ತು. ಅವಳು ಹೋಗಿ ಅದರ ಹಣೆಯ ಮೇಲೆ ಕೈಯಿಟ್ಟಳು. ಕರು ಅವಳ ಬೆರಳನ್ನು ಬಾಯಿಗೆಳೆದುಕೊಂಡು ಚೀಪತೊಡಗಿತು. "ಮಾಮಾ, ಇವನು ನನಗೆ ಬೇಕು" ಅಂದಳು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮನೆಮಗಳ ಮಗು ತಾನಾಗಿ ಒಂದು ಕರುವನ್ನು ಮುಟ್ಟಿ ಕೇಳಿದರೆ ಸೋದರಮಾವ ಇಲ್ಲ ಎನ್ನುವಂತಿಲ್ಲ. ಕರುವಿನ ಹಣೆಗೂ ಮಗುವಿನ ಹಣೆಗೂ ಕುಂಕುಮ ಹಚ್ಚಿ, ಕಟ್ಟಿದ ಹಗ್ಗವನ್ನು ಮಗುವಿನ ಕೈಗೆ ಕೊಡುತ್ತಾನೆ. ಕರು ಮಾವನ ಕೊಟ್ಟಿಗೆಯಲ್ಲೇ ಬೆಳೆಯುತ್ತದೆ, ಆದರೆ ಮಗುವಿನದು. ಮುಂದೆ ಅದನ್ನು ಮಾರಬೇಕಾದರೂ ಕಳಿಸಬೇಕಾದರೂ ಮಗುವಿನ ಬಾಯಿಂದ ಹೂಂ ಅನ್ನಿಸಿಕೊಳ್ಳಲೇಬೇಕು. ಊರಲ್ಲಿ ಹೀಗೆ ಬಂದ ಒಂದು ಆಕಳ ಕರುವಿನಿಂದ ಹಿಂಡು ಬೆಳೆಸಿದ ಹೆಣ್ಣುಮಕ್ಕಳಿದ್ದಾರೆ. ತಬೇಲಾದಲ್ಲಿ ಇದನ್ನು ಯಾರೂ ಮಾಡಿದ್ದು ನಾನು ಕಂಡಿಲ್ಲ. ಅಲ್ಲಿ ಯಾವ ಮಗುವೂ ಕೋಣಗರುವನ್ನು ಕೇಳಿರಲಿಲ್ಲ.

ಅಣ್ಣ ಮುಖವರಳಿಸಿ, "ತೊಗೊ ನನ್ನವ್ವಾ, ನಿಂದ ಅದು" ಅಂದ. ವೈನಿ, ಅಂದರೆ ಅಣ್ಣನ ಹೆಂಡತಿ, ಮೇಲಿನಿಂದ ಕುಂಕುಮದ ಬಟ್ಟಲು ತಂದಳು. ಮಗಳು ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹಗ್ಗ ಹಿಡಿದು ಫೋಟೊ ತೆಗೆಸಿಕೊಂಡಳು. ಅವಳು ಕೈತೊಳೆಯಲು ಹೋದಾಗ ನಾನು ಅಣ್ಣನನ್ನು ಪಕ್ಕಕ್ಕೆ ಎಳೆದೆ.

"ತಲಿ ಕೆಟ್ಟೈತೇನು ನಿನಗ? ಸಾಯೋ ಕರ ಕೊಟ್ಟಿ ಕೂಸಿಗೆ."

"ಕೇಳಿದ್ಲು, ಕೊಟ್ಟೆ. ಇಲ್ಲಾ ಅನ್ಲೇನು ತಂಗಿ ಮಗಳಿಗೆ? ನಾಕ ದಿನದ ಮಾತು. ಊರಿಗೆ ಹೋತು ಅಂತ ಹೇಳಿದ್ರಾತು. ಹುಡುಗರು ಮರೀತಾವ."

ಇದೇ ಅವನ ತಪ್ಪು. ಕೊಟ್ಟರೂ ಕೊಟ್ಟಂತಲ್ಲದ ಒಂದು ಕಾಣಿಕೆ ಸಿಕ್ಕಿತಲ್ಲ ಎಂದು ಅವನು ಹಗುರಾಗಿದ್ದ. ಎರಡು ಸಂಗತಿ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಒಂದು, ನನ್ನ ಮಗಳು ಓದಿದ ಪುಸ್ತಕಗಳಲ್ಲಿ ಹುಡುಗರು ಮರೆಯುವುದಿಲ್ಲ. ಎರಡು, ವೈನಿ. ಅವತ್ತೇ ಸಂಜೆ ಹಾಲಿನ ಹೊತ್ತಿಗೆ ವೈನಿ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದು, "ಕುಂಕುಮ ಹಚ್ಚಿ ಕೊಟ್ಟದ್ದ ಹಸದ ಸಾಯಬಾರದು. ಮನಿಗೆ ಛಲೋ ಅಲ್ಲ" ಎಂದು ಕರುವಿನ ಪಾಲಿನ ಹಾಲನ್ನು ಬಿಡಿಸಿದಳಂತೆ. ಅಣ್ಣ ಗೊಣಗಿದ, ಆದರೆ ಹೆಂಡತಿಯ ಮಾತು ಮೀರಲಿಲ್ಲ. ಹಾಗೆ ಆ ಕರು ಉಳಿಯಿತು. ಜೋಗೇಶ್ವರಿಯ ಆ ತಬೇಲಾದಲ್ಲಿ ಹೊಟ್ಟೆತುಂಬ ಹಾಲು ಕುಡಿದ ಮೊದಲ ಕೋಣಗರು ಅದೇ ಇರಬೇಕು.

ಮಗಳು ಅದಕ್ಕೆ ಹೆಸರಿಟ್ಟಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪ್ರತಿ ಭಾನುವಾರ, ಒಮ್ಮೊಮ್ಮೆ ಶನಿವಾರವೂ, ಸಾಂತಾಕ್ರೂಜಿನಿಂದ ಲೋಕಲ್ಲು ಹಿಡಿದು ನಾವು ಜೋಗೇಶ್ವರಿಗೆ ಹೋಗುತ್ತಿದ್ದೆವು. ಅವಳು ಬಾಟಲಿಯಲ್ಲಿ ಹಾಲು ಕುಡಿಸುವಳು, ತೆಂಗಿನ ಜುಂಗಿನಿಂದ ಮೈ ಉಜ್ಜುವಳು, ಹಗ್ಗ ಬಿಚ್ಚಿ ಅಂಗಳದಲ್ಲಿ ಓಡಾಡಿಸುವಳು. ಹಗ್ಗ ಇಲ್ಲದೆಯೂ ಅದು ಅವಳ ಹಿಂದೆಯೇ ಬರುತ್ತಿತ್ತು. ಅವಳು ನಿಂತರೆ ನಿಲ್ಲುವುದು, ತಿರುಗಿದರೆ ತಿರುಗುವುದು, ಅವಳು ಅಟ್ಟದ ಮೆಟ್ಟಿಲು ಹತ್ತಿದರೆ ಕೆಳಗೆ ನಿಂತು ಹುಯಿಲಿಡುವುದು. ಸುತ್ತಲಿನ ಟವರುಗಳ ಬಾಲ್ಕನಿಯಿಂದ, ಮೂಗಿಗೆ ಕರ್ಚೀಫು ಹಿಡಿದೇ, ಜನ ಇದನ್ನು ನೋಡಿ ನಗುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ಅಷ್ಟು ವರ್ಷ ಬೈದ ಪುಸ್ತಕಗಳು ಗೆದ್ದವಲ್ಲ ಎಂದು ಒಳಗೊಳಗೇ ಸೋಲೊಪ್ಪಿಕೊಂಡೆ. ಶಾಲೆಯಲ್ಲಿ ಅವಳ ಪ್ರಾಜೆಕ್ಟನ್ನು ಗೋಡೆಗೆ ಅಂಟಿಸಿದರು. ಮಗಳ ಮನಸ್ಸು ಮೆತ್ತಗೇ ಉಳಿಯಿತು, ಕರುವೂ ಉಳಿಯಿತು, ಇನ್ನೇನು ಬೇಕು ಎಂದುಕೊಂಡೆ. ಅಣ್ಣನೂ ಬರಬರುತ್ತ ಅದರ ಬೆನ್ನು ತಟ್ಟಿ ಮಾತಾಡಿಸತೊಡಗಿದ್ದ. ಅವನ ಬಾಯಿಂದಲೂ ಆ ಹೆಸರು ಬರುತ್ತಿತ್ತು.

ಒಂದು ಭಾನುವಾರ ಸಾಲಿನ ಕೊನೆಯ ಗೂಟ ಖಾಲಿಯಿತ್ತು. ಕರುವಿನ ತಾಯಿ ಬತ್ತಿತ್ತು. ವಾರದ ನಡುವೆ ಅದನ್ನು ಕಳಿಸಿದ್ದರು. ಮಗಳು ಖಾಲಿ ಗೂಟದ ಮುಂದೆ ನಿಂತು, "ಮಾಮಾ, ಇವನ ಮಮ್ಮಿ ಎಲ್ಲಿ?" ಅಂದಳು.

"ಊರಿಗೆ ಹೋತವಾ. ದಣದಿತ್ತು, ಆರಾಮ ತೊಗೊಳ್ಳಾಕ" ಅಂದ ಅಣ್ಣ, ಬಕೀಟು ತೊಳೆಯುತ್ತ.

ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮನೆಗೆ ಮರಳುವಾಗ ಪ್ಲ್ಯಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು, ಎಮ್ಮೆ ಊರಿಗೆ ಹೋಗಲಿಲ್ಲ ಎಂದು ಅವಳಿಗೆ ಹೇಳಿದೆ. ಬತ್ತಿದ ಎಮ್ಮೆ ಹೋಗುವುದು ಕಸಾಯಿಖಾನೆಗೆ ಎಂದು, ಮೆತ್ತಗೆ, ಆದರೆ ಸರಿಯಾಗಿಯೇ ಹೇಳಿದೆ. ಪುಸ್ತಕಗಳು ಮಾಡಿದ ಮೋಸ ನಾನು ಮಾಡಬಾರದು ಎಂಬುದು ನನ್ನ ಹಮ್ಮು. ಎರಡು ಲೋಕಲ್ಲು ಬಂದು ಹೋದವು. ಆಮೇಲೆ, "ಆದ್ರೆ ಇವನು ನನ್ನವನಲ್ವಾ? ನಾನು ಹೂಂ ಅಂದ್ರೆ ಮಾತ್ರ ಅಲ್ವಾ?" ಅಂದಳು. ಹೌದು ಅಂದೆ. ಪದ್ಧತಿ ಹಾಗೇ ಇತ್ತು.

ಕೋಣ ಬೆಳೆಯಿತು. ಪುಸ್ತಕದ ಕರುಗಳು ಯಾವಾಗಲೂ ಕರುಗಳಾಗಿಯೇ ಇರುತ್ತವೆ, ಕೊನೆಯ ಪುಟಕ್ಕೆ ನಿಂತುಬಿಡುತ್ತವೆ. ಇದು ನಿಲ್ಲಲಿಲ್ಲ. ಕುತ್ತಿಗೆ ದಪ್ಪಗಾಯಿತು, ಕೊಂಬು ಮೂಡಿತು, ಎಮ್ಮೆಗಳ ಸಾಲಿನಲ್ಲಿ ನುಗ್ಗಲು ಶುರುಮಾಡಿತು. ಮೂಗುದಾಣ ಹಾಕಿದರೂ ಅವಳ ಹೊರತು ಇನ್ನೊಬ್ಬರಿಗೆ ಬಗ್ಗುತ್ತಿರಲಿಲ್ಲ. ಅಪ್ಪನ ಕಾಲದಿಂದ ಹಾಲು ಹಿಂಡುವ ಒಬ್ಬ ಮುದುಕ ಅಲ್ಲಿದ್ದಾನೆ, ಉತ್ತರಪ್ರದೇಶದವನು, ನಾವೆಲ್ಲ ಚಾಚಾ ಎನ್ನುತ್ತೇವೆ. ಒಂದು ಬೆಳಗ್ಗೆ ಅವನು ಎಮ್ಮೆಯ ಕೆಳಗೆ ಕೂತು ಹಿಂಡುತ್ತಿದ್ದಾಗ ಕೋಣ ಹಗ್ಗ ಹರಿದುಕೊಂಡು ನುಗ್ಗಿ ಅವನನ್ನು ಕಂಬಕ್ಕೆ ಒತ್ತಿತು. ಚಾಚಾನ ಬಲಗೈಯ ಮಣಿಕಟ್ಟು ಮುರಿಯಿತು. ಹಾಲು ಹಿಂಡುವವನಿಗೆ ಮಣಿಕಟ್ಟೇ ಅನ್ನ. ಅದು ಕೂಡಿದರೂ ಮೊದಲಿನಂತಾಗಲಿಲ್ಲ.

ಅಣ್ಣ ನನಗೆ ಫೋನು ಮಾಡಿದ. ಸಿಟ್ಟಿನಲ್ಲಿರಲಿಲ್ಲ, ಸೋತವನ ದನಿಯಲ್ಲಿದ್ದ. "ನಾ ಏನ ಮಾಡ್ಲಿ ಹೇಳು ತಂಗಿ. ನಾಳೆ ಮತ್ತ ಯಾರನ್ನರ ಕೊಂದ್ರ?"

ಬೇರೆ ಜಾಗ ಹುಡುಕುವುದೆಂದು ಮಗಳು ಪಟ್ಟು ಹಿಡಿದಳು. ಅಣ್ಣ ಕಾಯುತ್ತೇನೆ ಅಂದ. ಊರಿಗೆ ಕೇಳಿದೆವು. ಊರಲ್ಲಿ ಈಗ ಎಲ್ಲರದೂ ಟ್ರ್ಯಾಕ್ಟರು, ಕೋಣವನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಅಲ್ಲಿರುವ ಚಿಕ್ಕಪ್ಪ ನಕ್ಕ. ಆಮೇಲೆ ಮಗಳು ನನ್ನ ಮೊಬೈಲಿನಲ್ಲಿ ಪ್ರಾಣಿಗಳನ್ನು ಸಾಕುವ ಒಂದೊಂದೇ ಸಂಸ್ಥೆಯ ನಂಬರು ಹುಡುಕಿ ಫೋನು ಮಾಡತೊಡಗಿದಳು, ತನ್ನ ಅಚ್ಚುಕಟ್ಟಾದ ಶಾಲೆಯ ಹಿಂದಿಯಲ್ಲಿ. ಎಲ್ಲ ಕಡೆ ಮೊದಲು ದನಿ ಜೇನಿನಂತೆ ಇರುತ್ತಿತ್ತು. "ಗಾಯ್ ಹೈ, ಬೇಟಾ?" ಎಂದು ಕೇಳುತ್ತಿದ್ದರು. ಇವಳು, ಆಕಳಲ್ಲ, ಭೈಂಸಾ, ಕೋಣ ಅನ್ನುವಳು. ಆ ಕಡೆಯ ದನಿ ತಣ್ಣಗಾಗುವುದು. ಜಾಗ ಇಲ್ಲ ಎಂಬ ಉತ್ತರ. ಒಬ್ಬರಂತೂ, ಅದನ್ನೆಲ್ಲ ನಾವು ಇಟ್ಟುಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದರು. ಬಣ್ಣ ಬಿಳಿಯಿದ್ದು ಹೆಸರು ಬೇರೆಯಿದ್ದಿದ್ದರೆ ಅದಕ್ಕೆ ಹೂವಿನ ಹಾರವೇ ಸಿಗುತ್ತಿತ್ತೋ ಏನೋ. ನಮ್ಮ ದೇಶದ ಕರುಣೆಗೂ ಒಂದು ಜಾತಿಯಿದೆ ಎಂದು ಹನ್ನೆರಡು ವರ್ಷದ ಹುಡುಗಿಗೆ ನಾನು ಹೇಗೆ ಹೇಳಲಿ?

ಕೊನೆಗೆ ಅವಳು, "ನಮ್ಮ ಬಿಲ್ಡಿಂಗ್ ಹಿಂದೆ ಜಾಗ ಇದೆಯಲ್ಲ" ಅಂದಳು. ಅಲ್ಲಿ ಒಂದು ಬೀದಿನಾಯಿಗೆ ಬಿಸ್ಕತ್ತು ಹಾಕಿದ್ದಕ್ಕೆ ಸೊಸೈಟಿಯ ಮೀಟಿಂಗಿನಲ್ಲಿ ಇಬ್ಬರು ಗೃಹಸ್ಥರು ಕೈಕೈ ಮಿಲಾಯಿಸಿದ್ದರು. ನಾನು ಬರೀ ತಲೆಯಲ್ಲಾಡಿಸಿದೆ. ಅವಳು ಮತ್ತೆ ಕೇಳಲಿಲ್ಲ. ಆ ರಾತ್ರಿ ಮುಖ ತಿರುಗಿಸಿ ಮಲಗಿದಳು.

ಅಷ್ಟರಲ್ಲಿ ನಾವು ಬಾಡಿಗೆಗೆ ಹಿಡಿದ ಜಾಗದ ಯಜಮಾನ ತಬೇಲಾದ ಅರ್ಧವನ್ನು ಬಿಲ್ಡರಿಗೆ ಬಿಟ್ಟುಕೊಟ್ಟ. ಎಮ್ಮೆಗಳನ್ನೇ ಒತ್ತೊತ್ತಾಗಿ ಕಟ್ಟುವ ಹಾಗಾಯಿತು. ಕೋಣವನ್ನು ಅಂಗಳದ ಗೇಟಿನ ಪಕ್ಕ ಬಿಲ್ಡರನ ಕಾಂಕ್ರೀಟು ಕಲೆಸುವ ಮಿಕ್ಸರ್ ಯಂತ್ರದ ಹತ್ತಿರ ಕಟ್ಟಿದ್ದರು. ಯಂತ್ರ ತಿರುಗಿದಾಗಲೆಲ್ಲ ಅದು ಬೆದರಿ ಹಗ್ಗ ಜಗ್ಗಿ ಜಗ್ಗಿ ಮೂಗು ಹರಿದುಕೊಂಡಿತ್ತು. ಹುಣ್ಣಿಗೆ ನೊಣ ಮುತ್ತಿದ್ದವು. ಮಗಳು ಹೋದಾಗಲೆಲ್ಲ ಅರಿಶಿನ ಎಣ್ಣೆ ಹಚ್ಚುತ್ತಿದ್ದಳು, ಮುಂದಿನ ವಾರ ಹೋಗುವಷ್ಟರಲ್ಲಿ ಮತ್ತೆ ಹರಿದಿರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ನಾವು ಹೋದಾಗ ಗೇಟಿನಲ್ಲಿ ಟೆಂಪೊ ನಿಂತಿತ್ತು. ನನಗೆ ನೋಡಿದ ಕೂಡಲೇ ತಿಳಿಯಿತು. ಮಗಳಿಗೂ ತಿಳಿಯಿತು. ಅಣ್ಣ ನಾವು ಬರುವ ಮೊದಲೇ ಕಳಿಸಿಬಿಡಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು. ಅವನು ಮಾಡಲಿಲ್ಲ. ಕುಂಕುಮ ಹಚ್ಚಿ ಕೊಟ್ಟ ಕರು, ಕೇಳದೆ ಕಳಿಸುವಂತಿಲ್ಲ. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಹನ್ನೆರಡು ವರ್ಷದ ಹುಡುಗಿಯ ಮುಂದೆ ದೊಡ್ಡವರ ಮುಂದೆ ನಿಂತಂತೆ ನಿಂತ.

"ನಿಂದ ಅದು ನನ್ನವ್ವಾ. ನೀ ಹೂಂ ಅಂದ್ರ ಕಳಸ್ತೀನಿ. ಉಹೂಂ ಅಂದ್ರ ಟೆಂಪೊ ಹೊಳ್ಳಿ ಹೋಕ್ಕೈತಿ. ನನ್ನ ಕಡೆ ನೋಡಬ್ಯಾಡ, ನಿಮ್ಮವ್ವನ ಕಡೆ ನೋಡಬ್ಯಾಡ."

ನನಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ನಿನ್ನ ಹಾಳು ಪದ್ಧತಿಗೆ ಬೆಂಕಿ ಹಾಕ, ನೀನೇ ಪಾಪ ಹೊತ್ತುಕೋ, ನನ್ನ ಕೂಸಿನ ತಲೆಗೆ ಕಟ್ಟಬೇಡ ಎಂದು ಕೂಗಲು ಬಾಯಿ ತೆರೆದೆ. ಮಗಳು ನನ್ನ ಕೈ ಒತ್ತಿ ನಿಲ್ಲಿಸಿದಳು. ಅವಳು ಕೋಣದ ಹತ್ತಿರ ಹೋಗಿ ಅದರ ಮೂಗಿನ ಹುಣ್ಣು ನೋಡಿದಳು. ಮಿಕ್ಸರ್ ಯಂತ್ರ ನೋಡಿದಳು. ಕಟ್ಟೆಯ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಚಾಚಾನನ್ನು ನೋಡಿದಳು. ಅವನು ಕಣ್ಣು ತಪ್ಪಿಸಿದ. ಆಮೇಲೆ, ನನಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ, "ಹೂಂ" ಅಂದಳು.

ಟೆಂಪೊದವರು ಹಿಂದಿನ ಬಾಗಿಲು ಇಳಿಸಿ ಹಲಗೆ ಹಾಕಿದರು. ಕೋಣ ಹತ್ತಲಿಲ್ಲ. ನಾಲ್ಕೂ ಕಾಲು ಊರಿ ನಿಂತಿತು. ಮೂವರು ಹಗ್ಗ ಜಗ್ಗಿದರು, ಮೂಗಿನಿಂದ ರಕ್ತ ಬಂತು. ಹಿಂದಿನಿಂದ ಒಬ್ಬ ಬಾಲ ತಿರುಚಿದ, ಇನ್ನೊಬ್ಬ ಕೋಲು ಎತ್ತಿಕೊಂಡ. ಅದು ಒರಲತೊಡಗಿತು. ಬಾಲ್ಕನಿಗಳಲ್ಲಿ ಜನ ಬಂದು ನಿಂತರು, ಒಬ್ಬ ಮೊಬೈಲು ಹಿಡಿದ. ಕೋಲು ಒಂದು ಸಲ ಬೆನ್ನಿನ ಮೇಲೆ ಬಿತ್ತು.

"ಮಾರ್‌ನಾ ಮತ್!" ಎಂದು ಮಗಳು ಕಿರುಚಿದಳು. ಎಲ್ಲರೂ ನಿಂತರು. ಅವಳು ಹೋಗಿ ಅವರ ಕೈಯಿಂದ ಹಗ್ಗ ತೆಗೆದುಕೊಂಡಳು. ಎಳೆಯಲಿಲ್ಲ, ಸಡಿಲ ಬಿಟ್ಟು ಹಿಡಿದಳು. ಗಲ್ಲದ ಕೆಳಗೆ ಕೆರೆದಳು, ಅದರ ಹೆಸರು ಕರೆದು ಕಿವಿಯ ಹತ್ತಿರ ಏನೋ ಹೇಳಿದಳು. ಆಮೇಲೆ ಬೆನ್ನು ತಿರುಗಿಸಿ ಹಲಗೆಯ ಮೇಲೆ ನಡೆದಳು. ಕೋಣ ಒಂದು ಗಳಿಗೆ ನಿಂತು, ಅಂಗಳದಲ್ಲಿ ಅವಳ ಹಿಂದೆ ಓಡಾಡುತ್ತಿದ್ದ ಹಾಗೆಯೇ, ತಲೆ ತಗ್ಗಿಸಿಕೊಂಡು ಅವಳ ಹಿಂದೆ ಹಲಗೆ ಹತ್ತಿ ಒಳಗೆ ಹೋಯಿತು. ಅವಳು ಹಗ್ಗವನ್ನು ಮುಂದಿನ ಕಬ್ಬಿಣದ ಸಳಿಗೆ ಕಟ್ಟಿ, ಪಕ್ಕದ ಸಂದಿಯಲ್ಲಿ ನುಸುಳಿ ಕೆಳಗೆ ಹಾರಿದಳು. ಬಾಗಿಲು ಎತ್ತಿ ಕೊಂಡಿ ಹಾಕಿದರು. ಟೆಂಪೊ ಹೊರಟಾಗ ಅದು ಅವಳನ್ನು ಹುಡುಕುತ್ತ ಸಳಿಗಳ ನಡುವೆ ಮೂತಿ ತೂರಿಸುತ್ತಿತ್ತು. ನಾನು ಅಳುತ್ತಿದ್ದೆ. ವೈನಿ ಅಳುತ್ತಿದ್ದಳು. ಮಗಳು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡಳು.

ನಾವು ಹೊರಟಾಗ ಅಣ್ಣ ಹಾಲಿನ ಡಬ್ಬಿ ತಂದು ಅವಳ ಮುಂದೆ ಹಿಡಿದ. ತವರಿನಿಂದ ಹೆಣ್ಣುಮಗು ಬರಿಗೈಯಲ್ಲಿ ಹೋಗಬಾರದು. ಅವನಿಗೆ ಬೇರೆ ಏನು ಮಾಡಲೂ ತೋಚಿರಲಿಲ್ಲ.

"ಬೇಡ ಮಾಮಾ" ಅಂದಳು, ಸಿಟ್ಟಿಲ್ಲದೆ. "ಇನ್ಮೇಲೆ ನನಗೆ ಏನೂ ಕೊಡಬೇಡಿ."

ಅಣ್ಣನ ಮುಖ ಕಪ್ಪಿಟ್ಟಿತು. ಡಬ್ಬಿಯನ್ನು ನಾನು ಇಸಿದುಕೊಂಡೆ. ಯಾರಾದರೂ ಇಸಿದುಕೊಳ್ಳಲೇಬೇಕಿತ್ತು.

ಆವತ್ತು ಲೋಕಲ್ಲು ಬೇಡವೆಂದು ರಿಕ್ಷಾ ಹಿಡಿದೆ. ಅವಳು ಒಂದು ತುದಿಗೆ, ನಾನು ಇನ್ನೊಂದು ತುದಿಗೆ ಕೂತೆವು. ಅಂಧೇರಿಯ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

"ಮಮ್ಮಾ, ಅವರು ಅಷ್ಟು ಎಳೆದ್ರೂ ಬರ್ಲಿಲ್ಲ. ನನ್ನ ಹಿಂದೆ ಯಾಕೆ ಬಂದ?"

ಅವಳಿಗೆ ಉತ್ತರ ಗೊತ್ತಿತ್ತು. ನಾನು ಬೇರೆ ಏನನ್ನಾದರೂ ಹೇಳಲಿ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸಿಗ್ನಲ್ಲು ಬಿಟ್ಟಿತು, ಹಿಂದಿನ ಗಾಡಿಗಳು ಹಾರ್ನು ಹೊಡೆದವು. ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.